ಕೈಬರಹಕ್ಕೊಂದು ಚೌಕಿ

ಗಡಿನಾಡುಗಳ ಪೋಷಕ ಬಂಧುಗಳೇ,

ನಾವು ಎಲ್ಲಿ ಸೇರಿದರೂ ಮಾತು ಶಾಲೆಯತ್ತಲೇ ಹೊರಳುತ್ತದೆ. ಕನ್ನಡ ಬಾರದ ಅಧ್ಯಾಪಕರ ನೇಮಕ, ತಡವಾಗಿ ಕೈಸೇರುವ ಪಠ್ಯಪುಸ್ತಕ, ಕನ್ನಡದಲ್ಲಿ ಬಾರದ ಸುತ್ತೋಲೆ, ವರ್ಷದಿಂದ ವರ್ಷಕ್ಕೆ ಕಿರಿದಾಗುವ ಒಂದನೆಯ ತರಗತಿ. ಇವುಗಳಿಗಾಗಿ ಮನವಿ ಬರೆದಿದ್ದೇವೆ, ಧರಣಿ ಕುಳಿತಿದ್ದೇವೆ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಅನುಕೂಲ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆನ್ನುತ್ತದೆ ಎಂಬುದು ನಮ್ಮಲ್ಲಿ ಹಲವರಿಗೆ ಬಾಯಿಪಾಠವಾಗಿದೆ. ಆ ಹೋರಾಟ ನಿಲ್ಲತಕ್ಕದ್ದಲ್ಲ. ಆದರೆ ಇಂದು ನಾನು ನಿಮ್ಮ ಮುಂದಿಡುವ ಪ್ರಶ್ನೆಗೆ ಯಾವ ಸರಕಾರದ ಅನುಮತಿಯೂ ಬೇಕಾಗಿಲ್ಲ. ನಿಮ್ಮ ಮಗುವಿಗೆ ಮನೆಯಲ್ಲಿ ಕನ್ನಡದ ಒಂದು ಕಥೆ ಬರೆಯಬೇಕೆನಿಸಿದರೆ ಅದು ಎಲ್ಲಿ ಕೂರುತ್ತದೆ? ಹಾಳೆ, ಪೆನ್ನು, ಬಣ್ಣ, ನಿಘಂಟು ಕೈಗೆಟಕುವಂತಿವೆಯೇ? ನಿನ್ನೆ ಅರ್ಧಕ್ಕೆ ಬಿಟ್ಟ ಹಾಳೆ ಇಂದು ಹುಡುಕದೆ ಸಿಗುತ್ತದೆಯೇ?

ಇದು ಅಲ್ಪ ವಿಷಯವೆಂದು ನಿಮಗೆ ತೋರಬಹುದು. ಸ್ವಲ್ಪ ತಾಳ್ಮೆಯಿಂದ ಓದಿರಿ.

ನಾನು ಕಾಸರಗೋಡು ತಾಲೂಕಿನವನು. ನಮ್ಮ ಮನೆಮಾತು ತುಳು. ನಮ್ಮ ಊರಿನ ಕನ್ನಡ ಮಾಧ್ಯಮದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮನೆಮಾತು ಕೇಳಿದರೆ ತುಳು, ಕೊಂಕಣಿ, ಹವ್ಯಕ, ಕರಾಡ, ಮರಾಟಿ, ಬ್ಯಾರಿ ಎಂಬ ಉತ್ತರಗಳೆಲ್ಲ ಬರುತ್ತವೆ. ನಮ್ಮಲ್ಲಿ ಕನ್ನಡವು ಅಕ್ಷರದ ಭಾಷೆ, ಪುಸ್ತಕದ ಭಾಷೆ, ಯಕ್ಷಗಾನದ ಭಾಷೆ. ತಾಳವಾಡಿಯಲ್ಲೋ ಅಕ್ಕಲಕೋಟೆಯಲ್ಲೋ ಆದೋನಿಯಲ್ಲೋ ಇರುವ ನಿಮ್ಮ ಸ್ಥಿತಿ ಬೇರೆ. ನಿಮ್ಮಲ್ಲಿ ಅನೇಕರ ಅಡುಗೆಮನೆಯಲ್ಲೇ ಕನ್ನಡವಿದೆ. ಶಾಲೆಯ ಅಕ್ಷರ ಮಾತ್ರ ತಮಿಳಿನದೋ ಮರಾಠಿಯದೋ ತೆಲುಗಿನದೋ ಆಗಿರಬಹುದು. ಈ ಎರಡು ಸ್ಥಿತಿಗಳಲ್ಲೂ ಮೊದಲು ಸವೆಯುವುದು ಒಂದೇ, ಕೈಯ ಕನ್ನಡ. ನಾಲಿಗೆಯ ಕನ್ನಡವನ್ನು ಅಜ್ಜಿ ಉಳಿಸಿಯಾಳು, ಕಿವಿಯ ಕನ್ನಡವನ್ನು ದೂರದರ್ಶನ ಉಳಿಸೀತು. ಬರೆಯುವ ಬೆರಳಿನ ಕನ್ನಡ ಉಳಿಯಬೇಕಾದರೆ ದಿನವೂ ಸ್ವಲ್ಪ ಬರೆಯಬೇಕು. ದಿನವೂ ಬರೆಯಬೇಕಾದರೆ ಬರೆಯುವುದಕ್ಕೊಂದು ಜಾಗವಿರಬೇಕು.

ನಮ್ಮ ಮಕ್ಕಳಿಗೆ ಹತ್ತನೆಯ ತರಗತಿಯವರೆಗೆ ಶಾಲೆಯೇ ಆ ಜಾಗ. ಅದು ಮುಗಿದೊಡನೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಲೆಕ್ಕಶಾಸ್ತ್ರಗಳೆಲ್ಲ ಇಂಗ್ಲಿಷಿಗೆ ಹೋಗುತ್ತವೆ. ಕನ್ನಡ ಉಳಿದರೂ ಒಂದು ವಿಷಯವಾಗಿ ಉಳಿಯುತ್ತದೆ. ಕಚೇರಿಯ ಅರ್ಜಿ ಮಲಯಾಳದಲ್ಲಿ, ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿ. ಈ ಭಾಷೆಗಳ ಮೇಲೆ ನನಗೆ ಮುನಿಸಿಲ್ಲ. ನನ್ನ ಮಕ್ಕಳು ಮಲಯಾಳವನ್ನು ಸೊಗಸಾಗಿ ಓದುತ್ತಾರೆ. ಅದು ಅವರಿಗೆ ದಕ್ಕಿದ ಸಂಪತ್ತು. ಆದರೆ ಕನ್ನಡದಲ್ಲಿ ಏನನ್ನಾದರೂ ಹೊಸದಾಗಿ ಮಾಡುವ ಸಂದರ್ಭ ಅವರ ಹದಿನಾರನೆಯ ವಯಸ್ಸಿನ ಮೇಲೆ ಮನೆಯಲ್ಲಿ ಮಾತ್ರ ಉಳಿಯುತ್ತದೆ ಎಂಬುದು ನಾವು ಕಣ್ಣುಮುಚ್ಚಿ ದಾಟಬಾರದ ಸಂಗತಿ.

ಇನ್ನು ಮನೆಯೊಳಗೆ ನೋಡೋಣ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಕನ್ನಡ ಪುಸ್ತಕಗಳು ಗಾಜಿನ ಕಪಾಟಿನಲ್ಲಿವೆ. ಅಜ್ಜನ ಕಾಲದ ಕಾದಂಬರಿ, ಯಕ್ಷಗಾನ ಪ್ರಸಂಗ, ಭಾರತ, ರಾಮಾಯಣ. ಬೀಗ ಹಾಕಿ, ಕೀಲಿಕೈ ಮೊಳೆಗೆ ತೂಗುಹಾಕಿದೆ. ಅದೇ ಮನೆಯ ಮೇಜಿನ ಮೇಲೆ ಶಾಲೆಯ ಇಂಗ್ಲಿಷ್ ವರ್ಕ್‌ಬುಕ್, ಮಲಯಾಳ ದಿನಪತ್ರಿಕೆ, ಮೊಬೈಲು. ಮಗುವಿನ ಕೈ ಹತ್ತಿರವಿದ್ದುದನ್ನೇ ಹಿಡಿಯುತ್ತದೆ. ನವರಾತ್ರಿಯಲ್ಲಿ ಪುಸ್ತಕಗಳನ್ನು ಪೂಜೆಗೆ ಇಟ್ಟಾಗ ಓದಬಾರದು, ಬರೆಯಬಾರದು ಎಂದರೆ ಮಕ್ಕಳಿಗೆ ಎಷ್ಟು ಹಿಗ್ಗು! ವಿಜಯದಶಮಿಯಂದು ಮತ್ತೆ ತೆಗೆದು ನಾಲ್ಕು ಸಾಲು ಓದುತ್ತೇವೆ, ಪುಟ್ಟ ಮಕ್ಕಳಿಗೆ ಅಕ್ಕಿಯ ಮೇಲೆ ಅಕ್ಷರ ತಿದ್ದಿಸುತ್ತೇವೆ. ಆ ಆಚರಣೆಯ ಚೆಲುವೆಲ್ಲ ಮತ್ತೆ ತೆಗೆಯುವುದರಲ್ಲಿದೆ. ಕೆಲವು ಮನೆಗಳಲ್ಲಿ ಕನ್ನಡ ಪುಸ್ತಕಗಳಿಗೆ ವರ್ಷವಿಡೀ ಸರಸ್ವತೀ ಪೂಜೆ. ವಿಜಯದಶಮಿ ಬರುವುದೇ ಇಲ್ಲ. ಅಂಥ ಕಪಾಟು ಅಚ್ಚುಕಟ್ಟಾಗಿಯೇ ಇರುತ್ತದೆ. ನಾನು ಹೇಳಹೊರಟ ಅಚ್ಚುಕಟ್ಟು ಅದಲ್ಲ.

ಅದು ಯಾವುದೆಂಬುದನ್ನು ನಾನು ಕಂಡುಕೊಂಡುದು ಯಕ್ಷಗಾನದ ಚೌಕಿಯಲ್ಲಿ. ಘಟ್ಟದ ಮೇಲಿನ, ಬಯಲುಸೀಮೆಯ ಓದುಗರಿಗಾಗಿ ಎರಡು ಮಾತು: ಚೌಕಿಯೆಂದರೆ ವೇಷಧಾರಿಗಳು ಬಣ್ಣ ಹಚ್ಚಿ ವೇಷ ಕಟ್ಟುವ ಮನೆ. ಕುಂಬಳೆಯ ಪಾರ್ತಿಸುಬ್ಬನ ನಾಡಾದ ನಮ್ಮಲ್ಲಿ ಚೌಕಿಯೊಳಗೆ ಇಣುಕದೆ ಬೆಳೆದ ಮಗು ಅಪರೂಪ. ಮೇಳಗಳು ದೀಪಾವಳಿ ಕಳೆದ ಮೇಲೆ ಹೊರಟು ಮೇ ತಿಂಗಳ ಪತ್ತನಾಜೆಯವರೆಗೆ ಊರಿಂದೂರಿಗೆ ತಿರುಗುತ್ತವೆ. ಇಂದು ಗದ್ದೆಯಲ್ಲಿ, ನಾಳೆ ದೇವಸ್ಥಾನದ ಅಂಗಳದಲ್ಲಿ, ನಾಡಿದ್ದು ಶಾಲೆಯ ಮೈದಾನದಲ್ಲಿ. ಸಂಜೆ ಪೆಟ್ಟಿಗೆಗಳು ಇಳಿಯುತ್ತವೆ, ಆಟ ಮುಗಿದಾಗ ಮತ್ತೆ ಏರುತ್ತವೆ. ಒಂದು ತುದಿಯಲ್ಲಿ ಗಣಪತಿಯ ಸ್ಥಾನ, ದೀಪ. ಕಲಾವಿದರು ಕೂರುವ ಜಾಗಕ್ಕೆ ವೇಷಕ್ಕನುಗುಣವಾದ ಕ್ರಮವಿದೆ; ಬಂದವರು ಬಂದಲ್ಲಿ ಕೂರುವಂತಿಲ್ಲ. ಕಿರೀಟ, ಭುಜಕೀರ್ತಿ, ಎದೆಪದಕ, ವೀರಕಸೆ, ಗೆಜ್ಜೆ ಒಂದೊಂದಕ್ಕೂ ಅದರದೇ ನೆಲೆ. ತೆಂಕುತಿಟ್ಟಿನ ಕಲಾವಿದನು ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುತ್ತಾನೆ. ಇಂಗಳೀಕ ಎಲ್ಲಿ, ಕಾಡಿಗೆ ಎಲ್ಲಿ ಎಂದು ಅವನು ಹುಡುಕುವುದನ್ನು ನಾನು ಕಂಡಿಲ್ಲ. ಕಣ್ಣು ಕನ್ನಡಿಯಲ್ಲಿರುವಾಗ ಕೈ ತಾನಾಗಿ ಬಣ್ಣದ ಬಟ್ಟಲಿಗೆ ಹೋಗುತ್ತದೆ. ರಂಗದಿಂದ ಚೆಂಡೆಯ ಸದ್ದು ಕೇಳಿದ ಮೇಲೆ ಹುಡುಕುವುದಕ್ಕೆ ಹೊತ್ತಿಲ್ಲ.

ಚೌಕಿಯ ಶಿಸ್ತು ನೋಡುವವರಿಗಾಗಿ ಇದ್ದುದಲ್ಲ. ಪ್ರೇಕ್ಷಕರು ಅದನ್ನು ಕಾಣುವುದಿಲ್ಲ. ಆಟದ ನಡುವೆ ಅಲ್ಲಿ ಬಣ್ಣ ಚೆಲ್ಲಿರುತ್ತದೆ, ಬಟ್ಟೆ ಹರಡಿರುತ್ತದೆ, ನೆಲದ ಮೇಲೆ ನೂಲಿನ ತುಂಡು ಬಿದ್ದಿರುತ್ತದೆ. ಆದರೆ ಕೆಲಸ ಮುಗಿದಾಗ ಎಲ್ಲವೂ ಪೆಟ್ಟಿಗೆಗೆ ಮರಳುತ್ತದೆ, ಮರುದಿನದ ಆಟಕ್ಕೆ ಒಂದೂ ಕಡಮೆಯಾಗುವುದಿಲ್ಲ. ಸ್ವಂತ ನೆಲವಿಲ್ಲದ ಮೇಳವು ಪ್ರತಿದಿನ ಹೊಸ ಊರಿನಲ್ಲಿ ತನ್ನ ಲೋಕವನ್ನು ಬಿಚ್ಚಿ ಹರಡಿ ಮತ್ತೆ ಕಟ್ಟಿಕೊಳ್ಳುವುದು ಆ ಪೆಟ್ಟಿಗೆಗಳ ಬಲದಿಂದ. ಆ ರಂಗದ ಮೇಲಿನ ಅರ್ಥಗಾರಿಕೆಯಲ್ಲಿ ಒಂದು ಇಂಗ್ಲಿಷ್ ಪದವೂ ನುಸುಳದಂತೆ ಕಲಾವಿದರು ಎಚ್ಚರ ವಹಿಸುತ್ತಾರೆ. ಬರೆದಿಟ್ಟ ಮಾತಿಲ್ಲ, ಆ ಕ್ಷಣಕ್ಕೆ ಹುಟ್ಟುವ ಕನ್ನಡ ಅದು. ಹಾಗೆ ಹೊಸ ಮಾತು ಹುಟ್ಟುವ ಹೊತ್ತಿಗೆ ಹಳೆಯ ಸಲಕರಣೆಯೆಲ್ಲ ತನ್ನ ತನ್ನ ಜಾಗದಲ್ಲಿರಬೇಕೆಂಬುದನ್ನು ನಾನು ಅಲ್ಲಿ ಕಲಿತೆ.

ಪೋಷಕರೇ, ಗಡಿನಾಡಿನ ಮನೆಗೆ ಇದಕ್ಕಿಂತ ತಕ್ಕ ಮಾದರಿ ಬೇರೆ ಬೇಕೇ? ಪ್ರತ್ಯೇಕ ಅಧ್ಯಯನ ಕೊಠಡಿ, ಬೆಲೆಬಾಳುವ ಮೇಜು, ಪತ್ರಿಕೆಯ ಚಿತ್ರದಂಥ ಕಪಾಟು ಯಾವುದೂ ಬೇಕಾಗಿಲ್ಲ. ಒಂದು ಪೆಟ್ಟಿಗೆ ಸಾಕು.

ನಮ್ಮ ಮನೆಯ ಕ್ರಮವನ್ನು ಹೇಳುತ್ತೇನೆ; ನಿಮಗೆ ಒಗ್ಗಿದ್ದನ್ನು ಮಾತ್ರ ತೆಗೆದುಕೊಳ್ಳಿ. ನಮ್ಮ ಮಕ್ಕಳು ಕೈಬರಹದ ಪತ್ರಿಕೆಯೊಂದನ್ನು ಹೊರತರುತ್ತಾರೆ. ಎರಡು ತಿಂಗಳಿಗೊಂದು ಸಂಚಿಕೆ. ನಾಲ್ಕು ಎ4 ಹಾಳೆಗಳನ್ನು ನಡುವೆ ಮಡಚಿದರೆ ಹದಿನಾರು ಪುಟ. ಮಡಿಕೆಯಲ್ಲಿ ಮೂರು ತೂತು, ಬಿಳಿ ನೂಲಿನ ಹೊಲಿಗೆ. ಪ್ರತಿ ಒಂದೇ, ಓದುಗರು ಅಜ್ಜಿ, ಚಿಕ್ಕಪ್ಪ, ನೆರೆಯ ಎರಡು ಮನೆ, ಶಾಲೆಯ ಒಬ್ಬ ಅಧ್ಯಾಪಕಿ. ಇದರ ಕೆಲಸಕ್ಕೆ ಜಗಲಿಯ ಮೂಲೆಯಲ್ಲಿ ಮೂರಡಿ ಉದ್ದದ ಒಂದು ಹಲಗೆಯನ್ನೂ ಅದರ ಕೆಳಗೆ ನಾಲ್ಕು ಪೆಟ್ಟಿಗೆಗಳನ್ನೂ ಇಟ್ಟಿದ್ದೇವೆ. ಮೊದಲನೆಯದರ ಮೇಲೆ ‘ಸಲಕರಣೆ’ ಎಂದು ಬರೆದಿದೆ: ಪೆನ್ನು, ಬಣ್ಣ, ಕತ್ತರಿ, ಅಂಟು, ಸೂಜಿ, ನೂಲು. ಎರಡನೆಯದು ‘ಖಾಲಿ’, ಅಂಗಡಿಯ ಹಾಳೆ, ಒಂದು ಬದಿ ಬರೆದ ಹಳೆಯ ಹಾಳೆ, ಮದುವೆ ಕರೆಯೋಲೆಯ ದಪ್ಪ ಕಾಗದ. ಮೂರನೆಯದು ‘ನಡೆಯುತ್ತಿದೆ’. ನಾಲ್ಕನೆಯದು ‘ಮುಗಿದದ್ದು’. ಹಲಗೆಯ ಮೇಲೆ ನಿಘಂಟು ಯಾವಾಗಲೂ ಇರುತ್ತದೆ. ಅದನ್ನು ಪೆಟ್ಟಿಗೆಗೆ ಸೇರಿಸುವುದಿಲ್ಲ.

ಈ ನಾಲ್ಕರಲ್ಲಿ ಮುಖ್ಯವಾದುದು ಮೂರನೆಯದು. ಮಕ್ಕಳ ಬರವಣಿಗೆ ಸಾಯುವುದು ಹೆಚ್ಚಾಗಿ ಎರಡನೆಯ ದಿನ. ಮೊದಲ ದಿನ ಅರ್ಧ ಕಥೆ ಬರೆದ ಹಾಳೆ ರಾತ್ರಿ ಊಟಕ್ಕೆ ಮೇಜು ತೆರವು ಮಾಡುವಾಗ ಎತ್ತಲೋ ಸೇರುತ್ತದೆ. ಮರುದಿನ ಹುಡುಕಿದರೆ ಸಿಗುವುದಿಲ್ಲ, ನಾಲ್ಕು ದಿನ ಕಳೆದು ದಿನಪತ್ರಿಕೆಯ ನಡುವೆ ಸಿಕ್ಕಾಗ ಕಥೆಯ ಕಾವು ಆರಿರುತ್ತದೆ. ಶಾಲೆಯ ಇಂಗ್ಲಿಷ್ ಮನೆಗೆಲಸ ಕಳೆದರೆ ಕೇಳುವವರಿದ್ದಾರೆ. ಕನ್ನಡದ ಅರ್ಧ ಕಥೆ ಕಳೆದರೆ ಕೇಳುವವರು ಯಾರೂ ಇಲ್ಲ. ಆದುದರಿಂದಲೇ ಅದಕ್ಕೆ ಒಂದು ಪೆಟ್ಟಿಗೆ ಬೇಕು. ಮುಗಿಯದ ಯಾವ ಹಾಳೆಯನ್ನೂ, ಎಷ್ಟೇ ಗೀಚಿದ್ದಾಗಿರಲಿ, ಅದರಿಂದ ತೆಗೆದು ಬಿಸಾಡುವ ಅಧಿಕಾರ ಹಿರಿಯರಿಗಿಲ್ಲ.

ಪೆಟ್ಟಿಗೆಗಳ ಮೇಲಿನ ಹೆಸರನ್ನು ಮಕ್ಕಳೇ ಬರೆಯಲಿ. ಇದರಿಂದ ಎರಡು ಲಾಭ. ಸಲಕರಣೆ ಎಂಬಲ್ಲಿ ‘ಳ’ವೋ ‘ಲ’ವೋ, ಮುಗಿದದ್ದು ಸರಿಯೋ ಮುಗಿದುದು ಸರಿಯೋ ಎಂಬ ಚರ್ಚೆ ಮನೆಯಲ್ಲಿ ನಡೆಯುತ್ತದೆ, ಅದೇ ಒಂದು ಪಾಠ. ಇನ್ನೊಂದು, ಆ ಅಕ್ಷರಗಳು ದಿನವೂ ಕಣ್ಣಿಗೆ ಬೀಳುತ್ತವೆ. ನಮ್ಮ ಮಕ್ಕಳು ಬಸ್ಸಿನ ಫಲಕದಲ್ಲೂ ಅಂಗಡಿಯ ಹೆಸರಲ್ಲೂ ಕನ್ನಡವನ್ನು ವಿರಳವಾಗಿ ಕಾಣುತ್ತಾರೆ. ಮನೆಯೊಳಗಿನ ನಾಲ್ಕು ಪೆಟ್ಟಿಗೆಯ ಮೇಲಾದರೂ ಅದು ಆಡಳಿತ ಭಾಷೆಯಾಗಲಿ.

ಪ್ರತಿದಿನ ಸಂಜೆ ದೀಪ ಹಚ್ಚುವ ಮೊದಲು ಹತ್ತು ನಿಮಿಷ ಎಲ್ಲವನ್ನೂ ಪೆಟ್ಟಿಗೆಗೆ ಮರಳಿಸುವುದು ಮಕ್ಕಳ ಕೆಲಸ. ಕೆಲಸದ ನಡುವೆ ಹಲಗೆಯ ಮೇಲೂ ನೆಲದ ಮೇಲೂ ಏನು ಹರಡಿದರೂ ನಾವು ಮಾತಾಡುವುದಿಲ್ಲ. ಇದು ಬಹು ಮುಖ್ಯ. ಬರೆಯುತ್ತಿರುವ ಮಗುವಿನ ಬೆನ್ನ ಹಿಂದೆ ನಿಂತು ಕಾಗದದ ಚೂರು ಹೆಕ್ಕುವ ತಂದೆಯಿಂದ ಕಥೆಗೆ ಉಪಕಾರವಾಗದು. ಇದಲ್ಲದೆ ನಾವು ಹಿರಿಯರು ಅಚ್ಚುಕಟ್ಟೆಂದು ಕರೆಯುವುದು ಎಷ್ಟೋ ಬಾರಿ ಅತಿಥಿಗಳ ಕಣ್ಣಿಗಾಗಿ. ಬಳಸುವವರ ಕೈಗೆ ಅನುಕೂಲವಾದರೆ ಸಾಕು. ಬಣ್ಣದ ಪೆನ್ಸಿಲುಗಳು ಗಾತ್ರದ ಕ್ರಮದಲ್ಲಿ ನಿಲ್ಲಬೇಕಾಗಿಲ್ಲ.

ಕರಾವಳಿಯ ನಮಗೆ ಮಳೆಗಾಲವೆಂಬ ಇನ್ನೊಂದು ಪರೀಕ್ಷೆಯಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದ ತೇವ ಹೀರಿ ಮೆತ್ತಗಾಗುತ್ತದೆ, ಸ್ಕೆಚ್ ಪೆನ್ನಿನ ಶಾಯಿ ಹರಡುತ್ತದೆ, ಅಂಟು ಒಣಗುವುದಿಲ್ಲ, ಪುಸ್ತಕದ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ. ಮುರಕಲ್ಲಿನ ಗೋಡೆಗೆ ತಾಗಿಸಿದ ಕಪಾಟಿನಲ್ಲಿ ಗೆದ್ದಲು ಮಣ್ಣಿನ ಸುರಂಗ ಕಟ್ಟಿಕೊಂಡು ಸದ್ದಿಲ್ಲದೆ ಏರುತ್ತದೆ. ನಮಗೆ ತಿಳಿಯುವ ಹೊತ್ತಿಗೆ ಹೊರಗಿನ ರಟ್ಟು ಮಾತ್ರ ಉಳಿದಿರುತ್ತದೆ. ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಎರಡು ಇಟ್ಟಿಗೆ ಮೇಲೆ ಇಡಿ. ತಳಕ್ಕೆ ಹಳೆಯ ದಿನಪತ್ರಿಕೆ ಹಾಸಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಬದಲಿಸಿ. ಪುಸ್ತಕಗಳನ್ನು ಬಿಗಿಯಾಗಿ ತುರುಕದೆ ಗಾಳಿಯಾಡಲು ಬಿಡಿ. ಒಣಗಿದ ಬೇವಿನ ಎಲೆಯೋ ಕರ್ಪೂರವೋ ಇರಲಿ. ಮಳೆ ಹೊಳವಾದಾಗ ಎಲ್ಲವನ್ನೂ ಹೊರತಂದು ಜಗಲಿಯ ನೆರಳಿನಲ್ಲಿ ಹರಡಿ; ಸುಡುಬಿಸಿಲಿಗೆ ಹಾಕಿದರೆ ಕಾಗದ ಹಳದಿಗಟ್ಟಿ ಮುರಿಯುತ್ತದೆ. ನಮ್ಮ ಮನೆಯಲ್ಲಿ ಈ ಕೆಲಸ ನವರಾತ್ರಿಯ ಮೊದಲ ವಾರಾಂತ್ಯದಲ್ಲಿ ನಡೆಯುತ್ತದೆ. ಹಳೆಯ ಸಂಚಿಕೆಗಳನ್ನು ಒಣಗಿಸಲು ಕೂತ ಮಕ್ಕಳು ಓದುತ್ತಾ ಕೂರುತ್ತಾರೆ. ಒಣಗಿಸುವ ಕೆಲಸ ಸಂಜೆಯವರೆಗೆ ಬೆಳೆಯುತ್ತದೆ. ಬೆಳೆಯಲಿ.

ಗಣಕಯಂತ್ರದಲ್ಲಿ ಬರೆಯುವ ಮಕ್ಕಳಿಗೂ ಇದೇ ಶಿಸ್ತು ಬೇಕು. ಎರಡು ಮಾತು ಮಾತ್ರ ಹೇಳುತ್ತೇನೆ. ಒಂದು, ಯೂನಿಕೋಡ್‌ನಲ್ಲೇ ಬರೆಯಿಸಿ. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಿಸಿದ ಕಡತವನ್ನು ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಗೆದ್ದಲು ತಿಂದ ಪುಸ್ತಕಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ಎರಡು, ಕಡತದ ಹೆಸರು ವರ್ಷ, ತಿಂಗಳಿನಿಂದ ಮೊದಲಾಗಿ ಕನ್ನಡದಲ್ಲೇ ಇರಲಿ. ‘2024-08 ಅಜ್ಜನ ತೋಟ’ ಎಂಬಂತೆ. ಹೆಸರಿಲ್ಲದ ಮೂವತ್ತು ಕಡತಗಳ ನಡುವೆ ಕವಿತೆಯೊಂದನ್ನು ಹುಡುಕುವ ತಾಳ್ಮೆ ಯಾವ ಮಗುವಿಗೂ ಇಲ್ಲ.

ಇಷ್ಟೆಲ್ಲ ಮಾಡಿದರೆ ಮಕ್ಕಳು ಸಾಹಿತಿಗಳಾಗುತ್ತಾರೆಯೇ ಎಂದು ನೀವು ಕೇಳಬಹುದು. ಹಾಗೆ ನಾನು ಹೇಳಲಾರೆ. ನಮ್ಮ ಮನೆಯಲ್ಲಿ ಆದುದನ್ನು ಹೇಳುತ್ತೇನೆ. ಮಗಳು ಹನ್ನೊಂದನೆಯ ತರಗತಿಯ ವಿಜ್ಞಾನ ವಿಭಾಗಕ್ಕೆ ಸೇರಿದಳು. ಜೂನ್ ತಿಂಗಳೊಳಗೆ ಅವಳ ಪುಸ್ತಕಗಳು ಹಲಗೆಯನ್ನು ತುಂಬಿಕೊಂಡವು. ಪ್ರವೇಶ ಪರೀಕ್ಷೆಯ ತರಬೇತಿ ಪುಸ್ತಕವೊಂದೇ ಇಟ್ಟಿಗೆಯಷ್ಟು ದಪ್ಪ. ಒಂದು ದಿನ ಅವಳೇ ಕೇಳಿದಳು, ಆ ಪೆಟ್ಟಿಗೆಗಳನ್ನು ಅಟ್ಟಕ್ಕೆ ಏರಿಸಬಹುದೇ ಎಂದು. ಕೇಳಿದುದರಲ್ಲಿ ತಪ್ಪಿಲ್ಲ, ಅವಳಿಗೆ ಜಾಗ ಬೇಕಿತ್ತು. ಆದರೆ ಅಟ್ಟಕ್ಕೆ ಏರಿದ ವಸ್ತು ಇಳಿಯುವುದು ಮನೆ ಬದಲಿಸುವಾಗ ಎಂಬುದು ನಮ್ಮ ಊರಿನವರಿಗೆಲ್ಲ ಗೊತ್ತು. ನಾವು ಹಲಗೆಯನ್ನು ಭೌತಶಾಸ್ತ್ರಕ್ಕೆ ಬಿಟ್ಟುಕೊಟ್ಟೆವು. ತಮ್ಮನಿಗಾಗಿ ನಾಲ್ಕು ಪೆಟ್ಟಿಗೆಗಳನ್ನು ಕಿಟಕಿಯ ಕೆಳಗೆ ಸರಿಸಿದೆವು. ‘ನಡೆಯುತ್ತಿದೆ’ ಎಂಬ ಪೆಟ್ಟಿಗೆಯನ್ನು ಎರಡು ಭಾಗ ಮಾಡಿ ಒಂದು ಭಾಗದ ಮೇಲೆ ಅವಳ ಹೆಸರು ಬರೆದಿಟ್ಟೆವು, ಬರೆಯೆಂದು ಹೇಳಲಿಲ್ಲ.

ಮೂರು ತಿಂಗಳು ಅದು ಬರಿದಾಗಿಯೇ ಇತ್ತು. ಓಣಂ ಪರೀಕ್ಷೆ ಕಳೆದ ಮೇಲೆ ಅದರಲ್ಲಿ ಎರಡು ಹಾಳೆ ಕಂಡವು. ಕಾಲೇಜು ಬಸ್ಸಿನಲ್ಲಿ ಕಂಡ ಒಬ್ಬ ಮುದುಕಿಯ ಕುರಿತು ಬರೆದದ್ದು, ಮುಗಿದಿರಲಿಲ್ಲ. ಈಗಲೂ ಮುಗಿದಿಲ್ಲ. ಆದರೆ ತಮ್ಮನ ಮುಂದಿನ ಸಂಚಿಕೆಗೆ ಅವಳು ಬೆಳಕಿನ ವಕ್ರೀಭವನವನ್ನು ಕುರಿತು ಕನ್ನಡದಲ್ಲಿ ಎರಡು ಪುಟ ಬರೆದುಕೊಟ್ಟಳು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತ ವಿಜ್ಞಾನದ ಪದಗಳು ಅವಳಲ್ಲಿ ಇನ್ನೂ ಜೀವಂತವಾಗಿದ್ದವು. ಇನ್ನೆರಡು ವರ್ಷ ಬಳಸದೆ ಬಿಟ್ಟಿದ್ದರೆ ಉಳಿಯುತ್ತಿದ್ದವೇ? ನನಗೆ ಆ ಎರಡು ಪುಟ ಯಾವ ಬಹುಮಾನಕ್ಕಿಂತಲೂ ದೊಡ್ಡದು.

ನಮ್ಮ ಬದಿಯಡ್ಕದ ಸಮೀಪದ ಕವಿತಾ ಕುಟೀರದಲ್ಲಿ ನೂರು ವರ್ಷ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳು ಅಧ್ಯಾಪಕರಾಗಿಯೂ ಕೃಷಿಕರಾಗಿಯೂ ಇದ್ದುಕೊಂಡೇ ಬರೆದವರು. ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರು ‘ದುಡಿತವೇ ನನ್ನ ದೇವರು’. ಕನ್ನಡವನ್ನು ಪ್ರೀತಿಸುವುದೆಂದರೆ ಕನ್ನಡದಲ್ಲಿ ದುಡಿಯುವುದು ಎಂಬುದಕ್ಕೆ ನಮಗೆ ದೂರದ ಉದಾಹರಣೆ ಬೇಕಾಗಿಲ್ಲ. ದುಡಿಯುವವನು ತನ್ನ ಹಾರೆ, ಕತ್ತಿಗಳನ್ನು ಎಲ್ಲಿ ಇಡುತ್ತಾನೆ, ಹೇಗೆ ಇಡುತ್ತಾನೆ ಎಂಬುದು ರೈತಾಪಿ ಮನೆಗಳಲ್ಲಿ ಬೆಳೆದ ನಿಮಗೆ ತಿಳಿದೇ ಇದೆ.

ನಿಮ್ಮ ಊರಿನಲ್ಲಿ ಯಕ್ಷಗಾನವಿರಲಾರದು. ರಾಯದುರ್ಗದ ಕಡೆಯವರಿಗೆ ಬಯಲಾಟದ ಪೆಟ್ಟಿಗೆ ಗೊತ್ತು, ಜತ್ತ, ಅಕ್ಕಲಕೋಟೆಯವರಿಗೆ ಭಜನಾ ಮಂಡಳಿಯ ತಾಳ, ದಮ್ಮಡಿಗಳ ಗಂಟು ಗೊತ್ತು. ಆ ಪೆಟ್ಟಿಗೆ, ಆ ಗಂಟು ಒಪ್ಪವಾಗಿರುವಷ್ಟು ಕಾಲ ಆಟವೂ ಭಜನೆಯೂ ನಡೆಯುತ್ತವೆ. ಮಗುವಿನ ಬರವಣಿಗೆಗೂ ಅಂಥದೊಂದನ್ನು ಕಟ್ಟಿಕೊಡಿ. ಈ ವಾರವೇ ಒಂದು ಹಲಗೆಯನ್ನು ತೆರವು ಮಾಡಿ, ಒಂದು ಪೆಟ್ಟಿಗೆಯನ್ನು ಒರೆಸಿ, ಮೇಲೆ ಹೆಸರು ಬರೆಯಲು ಮಗುವಿನ ಕೈಗೆ ಪೆನ್ನು ಕೊಡಿ. ಕಪಾಟಿನ ಕೀಲಿಕೈಯನ್ನೂ ಮೊಳೆಯಿಂದ ಇಳಿಸಿ.

ಹಕ್ಕುಗಳಿಗಾಗಿ ನಾವು ಮನವಿ ಬರೆಯುತ್ತಲೇ ಇರೋಣ. ಇನ್ನು ಇಪ್ಪತ್ತು ವರ್ಷಗಳ ಮೇಲೆ ಅಂಥ ಮನವಿಯನ್ನು ಕನ್ನಡದಲ್ಲಿ ಬರೆಯಬೇಕಾದವರು ಇಂದು ನಮ್ಮ ಮನೆಯ ನೆಲದ ಮೇಲೆ ಬಣ್ಣ ಚೆಲ್ಲಿಕೊಂಡು ಕುಳಿತಿದ್ದಾರೆ. ಅವರ ಅರ್ಧ ಬರೆದ ಹಾಳೆಯನ್ನು ನಾಳೆಗೆ ಜೋಪಾನವಾಗಿರಿಸುವ ಕೆಲಸ ನಮ್ಮದು.